ಲಾಗಿನ್ ಪಾಸ್‌ವರ್ಡ್ ಇದ್ದಮೇಲೆ ಡಿಸ್ಕ್‌ಗೂ ಬೀಗ ಯಾಕೆ?

ಪ್ರಶ್ನೆ: ಡೆಸ್ಕ್‌ಟಾಪ್‌ಗೆ ಉಬುಂಟು ಹಾಕುವಾಗ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಕಂಡಿತು. ಲಾಗಿನ್‌ಗೆ ಹೇಗೂ ಪಾಸ್‌ವರ್ಡ್ ಇದೆಯಲ್ಲ, ಇನ್ನೊಂದು ಯಾಕೆ?

ಉತ್ತರ: ಲಾಗಿನ್ ಪಾಸ್‌ವರ್ಡ್ ಕೇಳುವುದು ಆಪರೇಟಿಂಗ್ ಸಿಸ್ಟಮ್. ಅದು ಓಡದಿದ್ದರೆ ಕೇಳುವವರೇ ಇಲ್ಲ. ನೀವು ಇನ್‌ಸ್ಟಾಲ್‌ಗೆ ಬಳಸಿದ ಪೆನ್‌ಡ್ರೈವ್‌ನಿಂದಲೇ ಬೇರೆಯವರು ಕಂಪ್ಯೂಟರ್ ಶುರು ಮಾಡಿ ‘ಟ್ರೈ ಉಬುಂಟು’ ಆರಿಸಿಕೊಂಡರೆ, ಸ್ವಲ್ಪ ತಿಳಿವಳಿಕೆ ಸಾಕು, ನಿಮ್ಮ ಫೋಟೊ, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲವನ್ನೂ ತೆರೆದು ನೋಡಬಹುದು. ಡಿಸ್ಕ್ ಬಿಚ್ಚಿ ಇನ್ನೊಂದು ಯಂತ್ರಕ್ಕೆ ಜೋಡಿಸಿದರೂ ಅಷ್ಟೇ.

ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನಲ್ಲಿ ಹಾಗೆ ಇಣುಕಿದವರಿಗೆ ಸಿಗುವುದು ಅರ್ಥವಿಲ್ಲದ ಬೈಟ್‌ಗಳು ಮಾತ್ರ. ಲಿನಕ್ಸ್‌ನಲ್ಲಿ ಈ ಕೆಲಸಕ್ಕೆ ಲಕ್ಸ್ ಎಂಬ ವ್ಯವಸ್ಥೆಯಿದೆ. ಕುತೂಹಲದ ಸಂಗತಿಯೆಂದರೆ, ನೀವು ಕೊಡುವ ಪಾಸ್‌ವರ್ಡ್ ನೇರವಾಗಿ ಡೇಟಾವನ್ನು ಮುಚ್ಚಿಡುವುದಿಲ್ಲ. ಸಿಸ್ಟಮ್ ತಾನೇ ಒಂದು ಉದ್ದನೆಯ ಕೀಲಿ ಸೃಷ್ಟಿಸಿ ಅದರಿಂದ ಡಿಸ್ಕನ್ನು ಮುಚ್ಚುತ್ತದೆ. ನಿಮ್ಮ ಪಾಸ್‌ವರ್ಡ್ ಆ ಕೀಲಿಯನ್ನು ಕಾಯುತ್ತದೆ. ಹಾಗಾಗಿ ಪಾಸ್‌ವರ್ಡ್ ಬದಲಿಸಿದಾಗ ಇಡೀ ಡಿಸ್ಕನ್ನು ಮತ್ತೆ ಬರೆಯಬೇಕಿಲ್ಲ. ಒಂದೇ ಡಿಸ್ಕ್‌ಗೆ ಒಂದಕ್ಕಿಂತ ಹೆಚ್ಚು ಪಾಸ್‌ವರ್ಡ್ ಇಡುವುದೂ ಸಾಧ್ಯ: ಹಳೆಯ ಲಕ್ಸ್‌ನಲ್ಲಿ 8, ಲಕ್ಸ್2ರಲ್ಲಿ 32ರವರೆಗೆ.

ಮಿತಿಯೂ ಇದೆ. ಕಂಪ್ಯೂಟರ್ ಓಡುತ್ತಿರುವಾಗ ಡಿಸ್ಕ್ ತೆರೆದೇ ಇರುತ್ತದೆ. ಆಗ ನುಸುಳುವ ವೈರಸ್‌ಗೆ ಇದು ಅಡ್ಡಿಯಲ್ಲ. ಕೆಲಸ ಮುಗಿದ ಮೇಲೆ ಶಟ್‌ಡೌನ್ ಮಾಡಿ, ಸ್ಲೀಪ್‌ನಲ್ಲಿ ಬಿಡಬೇಡಿ. ಪಾಸ್‌ವರ್ಡ್ ಮರೆತರೆ ರಿಪೇರಿ ಅಂಗಡಿಯವರೂ ಕೈಚೆಲ್ಲುತ್ತಾರೆ. ಅದನ್ನು ಚೀಟಿಯಲ್ಲಿ ಬರೆದು ಬೀರುವಿನಲ್ಲಿಡಿ, ಮುಖ್ಯ ಫೈಲ್‌ಗಳ ಬ್ಯಾಕಪ್ ಬೇರೆ ಕಡೆ ಇರಲಿ. ಇಷ್ಟಕ್ಕೆ ಸಿದ್ಧರಿದ್ದರೆ ಆ ಆಯ್ಕೆಗೆ ಧಾರಾಳವಾಗಿ ಟಿಕ್ ಹಾಕಿ.