ಗೀತಶ್ರವಣವೂ ಚಿತ್ತವೃತ್ತಿಯೂ

ಗೀತವನ್ನು ಕೇಳಿದಾಗ ಚಿತ್ತವೃತ್ತಿಯು ಮಾರ್ಪಡುವುದೆಂಬುದು ಸರ್ವಾನುಭವಸಿದ್ಧವಾದ ವಿಷಯ. ಅಳುವ ಕೂಸು ಜೋಗುಳಕ್ಕೆ ಸುಮ್ಮನಾಗುವುದನ್ನು ಕಂಡವರಾರೂ ಇದನ್ನು ಅಲ್ಲಗಳೆಯಲಾರರು. ವಿವಾದವಿರುವುದು ಈ ಮಾರ್ಪಾಟಿಗೆ ಕಾರಣವೇನೆಂಬಲ್ಲಿ. ಶೋಕಹರ್ಷಾದಿ ಭಾವಗಳು ರಾಗದ ಸ್ವರಗಳಲ್ಲಿಯೇ ನೆಲಸಿರುವುವೋ, ಅಥವಾ ಕೇಳುವವನ ಚಿತ್ತದಲ್ಲಿ ಸುಪ್ತವಾಗಿದ್ದ ಭಾವವನ್ನು ಗೀತವು ಎಚ್ಚರಗೊಳಿಸುವುದೋ ಎಂಬುದು ಪ್ರಶ್ನೆ. ಇದು ಸಂಗೀತಜ್ಞರಿಗೆ ಮಾತ್ರ ಸೇರಿದುದೆಂದು ಸಾಹಿತ್ಯೋಪಾಧ್ಯಾಯರು ಉಪೇಕ್ಷಿಸುವಂತಿಲ್ಲ. ಕುಮಾರವ್ಯಾಸನ ಷಟ್ಪದಿಯನ್ನು ತರಗತಿಯಲ್ಲಿ ರಾಗವಾಗಿ ಓದುವವರೂ ಸಭೆಯಲ್ಲಿ ವಾಚಿಸುವ ಗಮಕಿಗಳೂ ಕರುಣಕ್ಕೆ ಇಂಥ ರಾಗ, ವೀರಕ್ಕೆ ಇಂಥ ರಾಗ ಎಂಬ ಪಟ್ಟಿಯನ್ನು ಅನುಸರಿಸುವುದುಂಟು. ಈಚೆಗೆ ಇಂಥ ಪಟ್ಟಿಗಳು ಇನ್ನೂ ಮುಂದುವರಿದು, ಇಂಥ ವ್ಯಾಧಿಗೆ ಇಂಥ ರಾಗವು ಔಷಧವೆಂದು ವಿಧಿಸುವವರೆಗೆ ಬಂದಿವೆ. ಎರಡಕ್ಕೂ ಶಾಸ್ತ್ರದ ಹೆಸರನ್ನೇ ಆಧಾರವಾಗಿ ಹೇಳುವುದರಿಂದ, ಶಾಸ್ತ್ರವು ವಸ್ತುತಃ ಏನನ್ನು ಹೇಳುವುದೆಂದು ವಿಚಾರಿಸುವುದು ಯುಕ್ತವಾಗಿದೆ.

ಸ್ವರಗಳಿಗೂ ರಸಗಳಿಗೂ ಇರುವ ಸಂಬಂಧವು ಭರತನ ನಾಟ್ಯಶಾಸ್ತ್ರದಲ್ಲಿ ಸ್ಪಷ್ಟವಾಗಿ ಉಕ್ತವಾಗಿದೆ. ಹಾಸ್ಯಶೃಂಗಾರಗಳಿಗೆ ಮಧ್ಯಮಪಂಚಮಗಳು, ವೀರರೌದ್ರಾದ್ಭುತಗಳಿಗೆ ಷಡ್ಜರ್ಷಭಗಳು, ಕರುಣಕ್ಕೆ ಗಾಂಧಾರನಿಷಾದಗಳು, ಬೀಭತ್ಸಭಯಾನಕಗಳಿಗೆ ಧೈವತ—ಇದು ಅಲ್ಲಿಯ ವಿಭಾಗ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನೂ ಸಂಗೀತರತ್ನಾಕರದಲ್ಲಿ ಈ ವಿಭಾಗವನ್ನೇ ಅಂಗೀಕರಿಸಿರುವನು. ಇಂದಿನ ಪಟ್ಟಿಗಳಿಗೆ ಮೂಲವು ಇದೇ ಎಂದು ಹೇಳಲಾಗುವುದು.

ಆದರೆ ಇಲ್ಲಿ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಭರತನು ಈ ಮಾತನ್ನು ಹೇಳುವುದು ನಾಟ್ಯಕ್ಕೆ ಅಂಗವಾಗಿ. ನಟನು ಪಾಠ್ಯವನ್ನು ಉಚ್ಚರಿಸುವ ಕ್ರಮವನ್ನು ವಿವರಿಸುವಾಗ ಸ್ವರಗಳೊಡನೆ ಸ್ಥಾನ, ಕಾಕು, ಲಯಗಳನ್ನೂ ಆತನು ವಿಧಿಸುತ್ತಾನೆ. ಹಾಸ್ಯಶೃಂಗಾರಗಳಿಗೆ ಮಧ್ಯಲಯ, ಕರುಣಕ್ಕೆ ವಿಲಂಬಿತ, ವೀರರೌದ್ರಾದಿಗಳಿಗೆ ದ್ರುತ. ಕಥೆ, ಪಾತ್ರ, ಅಭಿನಯ, ಲಯ ಇವೆಲ್ಲವೂ ಒಂದೇ ರಸದ ಕಡೆಗೆ ಮುಖಮಾಡಿರುವಾಗ ಸ್ವರವೂ ಅವುಗಳ ಜೊತೆಗೂಡಬೇಕೆಂಬುದೇ ಅಲ್ಲಿಯ ತಾತ್ಪರ್ಯ. ಸ್ವರವೊಂದೇ ಉಳಿದುದೆಲ್ಲವನ್ನೂ ತೊರೆದು ರಸವನ್ನು ಹುಟ್ಟಿಸಬಲ್ಲುದೆಂದು ಆತನು ಹೇಳಿಲ್ಲ. ಎರಡನೆಯದಾಗಿ, ಜಾತಿಗಾನದ ಸಂದರ್ಭದಲ್ಲಿ ವಿವಕ್ಷಿತವಾಗಿರುವುದು ಸ್ವರದ ಪ್ರಾಧಾನ್ಯವೇ ಹೊರತು ಅದರ ಇರುವಿಕೆಯಲ್ಲ. ಏಳು ಸ್ವರಗಳೂ ಇರುವ ಗಾನದಲ್ಲಿ ಅಂಶಸ್ವರವಾವುದೋ ಅದರಿಂದ ರಸನಿರ್ಣಯ. ಮೂರನೆಯದಾಗಿ, ಅಂದಿನ ಸ್ವರನಾಮಗಳು ಇಂದಿನ ಸ್ವರಸ್ಥಾನಗಳಿಗೆ ನೇರವಾಗಿ ಹೊಂದುವುದಿಲ್ಲ. ಷಡ್ಜಗ್ರಾಮದಲ್ಲಿ ಗಾಂಧಾರವು ಋಷಭಕ್ಕೂ ನಿಷಾದವು ಧೈವತಕ್ಕೂ ಎರಡೆರಡು ಶ್ರುತಿಗಳಷ್ಟೇ ಮೇಲಿದ್ದುವು. ಎಂದರೆ ಕರುಣಕ್ಕೆ ಹೇಳಿದ ಗಾಂಧಾರನಿಷಾದಗಳು ಇಂದಿನ ಸಾಧಾರಣ ಗಾಂಧಾರ, ಕೈಶಿಕಿ ನಿಷಾದಗಳಿಗೆ ಸಮೀಪವಾದುವು. ಇದನ್ನು ಲಕ್ಷಿಸದೆ ಶಂಕರಾಭರಣದ ಅಂತರಗಾಂಧಾರದಲ್ಲಿ ಕರುಣವನ್ನು ಅರಸಿದರೆ ದೋಷವು ಭರತನದಲ್ಲ.

ಹೀಗಿದ್ದರೂ, ಆಯಾ ರಾಗಕ್ಕೆ ನಿಯತವಾದ ಭಾವವುಂಟೆಂಬ ಪಕ್ಷವನ್ನು ಪರೀಕ್ಷಿಸೋಣ. ಅದು ನಿಜವಾದಲ್ಲಿ ಒಂದೇ ಸ್ವರಸಮುದಾಯವು ಎಲ್ಲೆಡೆಯೂ ಒಂದೇ ಚಿತ್ತವೃತ್ತಿಯನ್ನು ಉಂಟುಮಾಡತಕ್ಕದ್ದು. ವಸ್ತುಸ್ಥಿತಿಯು ಹಾಗಿಲ್ಲ. ನಮ್ಮ ಮಾಯಾಮಾಳವಗೌಳದ ಸ್ವರಗಳೇ ಉತ್ತರಾದಿಯಲ್ಲಿ ಭೈರವರಾಗದ ಸ್ವರಗಳು. ಅಲ್ಲಿ ಅದು ಪ್ರಾತಃಕಾಲದ ಗಂಭೀರರಾಗವೆಂದು ಮನ್ನಣೆ ಪಡೆದಿದೆ. ಇಲ್ಲಿಯಾದರೋ, ಪುರಂದರದಾಸರಿಂದ ಬಂದುದೆಂದು ಸಂಪ್ರದಾಯವು ಹೇಳುವ ಸರಳೆ ಜಂಟಿವರಸೆಗಳ ಮೂಲಕ ಮಕ್ಕಳ ಮೊದಲ ಪಾಠವಾಗಿದೆ. ಹಲವರಿಗೆ ಅದನ್ನು ಕೇಳಿದೊಡನೆ ಬಾಲ್ಯದ ಪಾಠದ ಮಣೆ ನೆನಪಾಗುವುದೇ ಹೊರತು ಭೈರವನ ಗಾಂಭೀರ್ಯವಲ್ಲ. ಮಧ್ಯಮಾವತಿಯು ನಮಗೆ ಮಂಗಳರಾಗ. ಕಚೇರಿಯ ಕೊನೆಯಲ್ಲಿ ಅದು ಕೇಳಿಬಂದಾಗ ಒಂದು ಪೂರ್ಣತೆಯ ಭಾವವು ತಾನಾಗಿ ಮೂಡುವುದು. ಅದೇ ಐದು ಸ್ವರಗಳು ಉತ್ತರದಲ್ಲಿ ಮಧುಮಾದ ಸಾರಂಗವೆನಿಸಿ ಮಧ್ಯಾಹ್ನಕ್ಕೆ ಸಲ್ಲುವುವು. ಮುಗಿತಾಯದ ಅರ್ಥವು ಅಲ್ಲಿಲ್ಲ. ಹಿಂದೋಳ ಮಾಲಕೌಂಸಗಳ ವಿಷಯವೂ ಹೀಗೆಯೇ. ಎರಡನೆಯದು ನಡುರಾತ್ರಿಗೆ ಮೀಸಲಾದ ಭಾರವಾದ ರಾಗವಾಗಿದ್ದರೆ, ಮೊದಲನೆಯದನ್ನು ನಮ್ಮವರು ಯಾವ ಹೊತ್ತಿನಲ್ಲಾದರೂ ಲಘುವಾಗಿ ಹಾಡುವರು.

ಇಲ್ಲಿ ಒಂದು ಆಕ್ಷೇಪವುಂಟು. ಸ್ವರಗಳು ಒಂದೇ ಆದರೂ ಗಮಕ, ನ್ಯಾಸ, ಸಂಚಾರಗಳು ಬೇರೆಯಾದುದರಿಂದ ಇವು ಭಿನ್ನರಾಗಗಳೇ. ಆದುದರಿಂದ ಭಾವಭೇದವು ಸಹಜವೆಂದು ಹೇಳಬಹುದು. ಈ ಮಾತು ಗ್ರಾಹ್ಯವೇ. ಆದರೆ ಒಂದೇ ಪ್ರಾಂತದ ಒಂದೇ ರಾಗದಲ್ಲಿಯೂ ಈ ಭೇದವು ತೋರುತ್ತದೆ. ಮುಖಾರಿಯು ಶೋಕರಾಗವೆಂಬ ಭಾವನೆ ನಮ್ಮಲ್ಲಿ ಎಷ್ಟು ಬಲವಾಗಿದೆಯೆಂದರೆ, ಆಡುಮಾತಿನಲ್ಲಿ ಮುಖಾರಿ ಹಾಡುವುದೆಂದರೆ ದುಃಖವನ್ನು ತೋಡಿಕೊಳ್ಳುವುದೆಂದೇ ಅರ್ಥವಾಗಿದೆ. ಆದರೂ ತ್ಯಾಗರಾಜರು ಶ್ರೀರಾಮನನ್ನು ಆತನ ಅವತಾರದ ಪ್ರಯೋಜನವೇನೆಂದು ಸಲಿಗೆಯಿಂದ ಪ್ರಶ್ನಿಸುವ ಕೃತಿಯನ್ನು ಮುಖಾರಿಯಲ್ಲಿಯೇ ರಚಿಸಿರುವರು. ಅಲ್ಲಿರುವುದು ವಿಸ್ಮಯವೂ ಪ್ರೀತಿಯೂ ಆಗಿದ್ದು, ಶೋಕದ ಲೇಶವೂ ಇಲ್ಲ. ಆದುದರಿಂದ ರಾಗವು ಭಾವಕ್ಕೆ ಅನುಕೂಲವಾದ ಆಶ್ರಯವೆನ್ನಬಹುದೇ ವಿನಾ ಅದರ ನಿಯತಕಾರಣವೆನ್ನಲಾಗದು.

ಹಾಗಾದರೆ ಕಾರಣವಾವುದು? ಈ ಪ್ರಶ್ನೆಗೆ ಅತ್ಯಂತ ಸೂಕ್ಷ್ಮವಾದ ಉತ್ತರವು ದೊರೆಯುವುದು ಸಂಗೀತಗ್ರಂಥದಲ್ಲಲ್ಲ, ಕಾಳಿದಾಸನ ನಾಟಕದಲ್ಲಿ. ಬಸವಪ್ಪಶಾಸ್ತ್ರಿಗಳ ಭಾಷಾಂತರದಿಂದ ಕನ್ನಡಿಗರಿಗೂ ಚಿರಪರಿಚಿತವಾದ ಶಾಕುಂತಲದ ಐದನೆಯ ಅಂಕದ ಆದಿಯಲ್ಲಿ, ಹಂಸಪದಿಕೆಯು ತೆರೆಯ ಮರೆಯಲ್ಲಿ ಹಾಡುತ್ತಿರುವುದನ್ನು ದುಷ್ಯಂತನು ಕೇಳುತ್ತಾನೆ. ಮಾವಿನ ಹೂವನ್ನು ಮರೆತು ತಾವರೆಯಲ್ಲಿ ನೆಲಸಿದ ದುಂಬಿಯನ್ನು ಕುರಿತ ಹಾಡು ಅದು. ತನ್ನನ್ನು ಆಕೆ ಆಕ್ಷೇಪಿಸುತ್ತಿರುವಳೆಂದು ದೊರೆಯು ಒಡನೆಯೇ ಅರಿತು, ನಸುನಕ್ಕು, ಸಮಾಧಾನ ಹೇಳಲು ವಿದೂಷಕನನ್ನು ಕಳುಹಿಸುತ್ತಾನೆ. ಅರ್ಥವಾಗಬೇಕಾದುದು ಅರ್ಥವಾಯಿತು, ಕಾರ್ಯವೂ ಮುಗಿಯಿತು. ಆದರೂ ಆತನ ಮನಸ್ಸು ಕಳವಳಗೊಂಡೇ ಇದೆ. ಪ್ರಿಯಜನರ ಅಗಲಿಕೆಯಿಲ್ಲದಿದ್ದರೂ ಈ ಉತ್ಕಂಠೆಯೇಕೆಂದು ಆತನು ತನ್ನನ್ನೇ ಕೇಳಿಕೊಳ್ಳುತ್ತಾನೆ. ಗೀತದ ಅರ್ಥವೂ ಇಲ್ಲಿ ಸಹಾಯಕವಾಗಿರುವುದನ್ನು ಒಪ್ಪಬೇಕು. ಆದರೆ ಕಾರಣವನ್ನು ನಿರ್ಣಯಿಸುವಾಗ ದೊರೆಯು ಎತ್ತುವುದು ರಮ್ಯವಾದ ನೋಟಗಳನ್ನೂ ಮಧುರವಾದ ಶಬ್ದಗಳನ್ನೂ. ಅವುಗಳಿಂದ ಸುಖಿಯಾದವನೂ ಕಾತರನಾಗುವುದಕ್ಕೆ, ಜನ್ಮಾಂತರದ ಸ್ನೇಹಗಳು ಭಾವರೂಪದಲ್ಲಿ ಸ್ಥಿರವಾಗಿದ್ದು ಅರಿವಿಲ್ಲದೆಯೇ ಸ್ಮರಣೆಗೆ ಬರುವುದೇ ಕಾರಣವೆಂದು ಆತನು ಊಹಿಸುತ್ತಾನೆ.

ಪ್ರೇಕ್ಷಕನಿಗೆ ಗೊತ್ತಿರುವುದು ದೊರೆಗೆ ಗೊತ್ತಿಲ್ಲ. ಆತನು ಮರೆತಿರುವುದು ಜನ್ಮಾಂತರದ ಸ್ನೇಹವನ್ನಲ್ಲ, ಶಕುಂತಲೆಯನ್ನು. ದುರ್ವಾಸನ ಶಾಪವು ಸ್ಮೃತಿಯನ್ನು ಅಳಿಸಿದೆ, ಸಂಸ್ಕಾರವನ್ನು ಅಳಿಸಿಲ್ಲ. ಹಾಡು ಆ ಸಂಸ್ಕಾರವನ್ನು ಮುಟ್ಟಿತು. ಆದರೆ ಅದರ ವಿಷಯವನ್ನು ಮುಂದಿಡಲಾರದಾಯಿತು. ಆದುದರಿಂದಲೇ ಆಕೆಯ ಮುಖವು ತೋರದೆ ಬರಿಯ ಉತ್ಕಂಠೆಯು ಮಾತ್ರ ಉಳಿಯಿತು. ಕಾರಣ ತಿಳಿಯದ ಕಳವಳವನ್ನು ಗೀತವು ತರುವುದೆಂದು ನಾವೆಲ್ಲರೂ ಹೇಳುವುದು ಇದನ್ನೇ.

ನೈಯಾಯಿಕರ ಪರಿಭಾಷೆಯಲ್ಲಿ ಗೀತವು ಸಂಸ್ಕಾರಕ್ಕೆ ಉದ್ಬೋಧಕ. ಅಭ್ಯಾಸ, ಸಾದೃಶ್ಯ ಮುಂತಾದುವನ್ನು ನ್ಯಾಯಸೂತ್ರವು ಸ್ಮೃತಿಹೇತುಗಳಲ್ಲಿ ಎಣಿಸಿದೆ. ಆನಂದವರ್ಧನನಾದರೋ ಇದರಿಂದ ಧ್ವನಿಸಿದ್ಧಾಂತಕ್ಕೇ ಪ್ರಮಾಣವನ್ನು ಪಡೆದನು. ಗೀತದ ನಾದಕ್ಕೆ ವಾಚ್ಯಾರ್ಥವಿಲ್ಲ. ಆದರೂ ಅದರಿಂದ ರಸಾದಿಗಳು ವ್ಯಕ್ತವಾಗುವುವು. ಆದುದರಿಂದ ವ್ಯಂಜಕತ್ವವು ವಾಚಕತ್ವಕ್ಕಿಂತ ಬೇರೆಯೆಂದು ಧ್ವನ್ಯಾಲೋಕದ ಮೂರನೆಯ ಉದ್ಯೋತದಲ್ಲಿ ಆತನು ವಾದಿಸಿರುವನು. ವ್ಯಂಜಿಸುವುದೆಂದರೆ ಇಲ್ಲದುದನ್ನು ಹುಟ್ಟಿಸುವುದಲ್ಲ, ಇದ್ದುದನ್ನು ಬೆಳಗಿಸುವುದು. ವಾಸನೆಯಿಲ್ಲದವರು ರಂಗದಲ್ಲಿ ಕುಳಿತಿದ್ದರೂ ಮರ, ಗೋಡೆ, ಕಲ್ಲುಗಳಿಗೆ ಸಮಾನರೆಂಬ ಪ್ರಾಚೀನೋಕ್ತಿಯನ್ನು ಸಾಹಿತ್ಯದರ್ಪಣಕಾರನು ಉದಾಹರಿಸಿರುವುದೂ ಇದೇ ಅಭಿಪ್ರಾಯದಿಂದ.

ಇಂಥ ಸಂಸ್ಕಾರವನ್ನು ಮೂರು ಬಗೆಯಾಗಿ ವಿಂಗಡಿಸಬಹುದೆಂದು ನನಗೆ ತೋರುತ್ತದೆ. ಮೊದಲನೆಯದು ಮನುಷ್ಯಮಾತ್ರಸಾಧಾರಣವಾದುದು. ದುಃಖಿತನ ನಡೆನುಡಿಗಳು ಮಂದವಾಗಿಯೂ ಹೃಷ್ಟನವು ಚುರುಕಾಗಿಯೂ ಇರುವುದರಿಂದ, ವಿಲಂಬಿತದ್ರುತಲಯಗಳು ಯಾವ ದೇಶದವನಿಗೂ ಆಯಾ ಭಾವವನ್ನು ಸೂಚಿಸುವುವು. ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಎಂಬ ವಿದ್ವಾಂಸರು ೧೯೯೯ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಿಂದೂಸ್ತಾನೀ ಸಂಗೀತದ ಪರಿಚಯವಿಲ್ಲದ ಪಾಶ್ಚಾತ್ಯರು ಅದರ ರಾಗಗಳನ್ನು ಕೇಳಿ ಹರ್ಷ, ಶೋಕ, ಕ್ರೋಧಗಳನ್ನು ಗುರುತಿಸಿದರು. ಶಾಂತವನ್ನು ಮಾತ್ರ ಚೆನ್ನಾಗಿ ಗುರುತಿಸಲಾರದೆ ಹೋದರು. ಲಯಾದಿಗಳೇ ಅವರಿಗೆ ಆಧಾರವಾಗಿದ್ದುವು. ಎರಡನೆಯದು ಸಾಂಪ್ರದಾಯಿಕವಾದುದು, ನೀಲಾಂಬರಿಗೆ ನಿದ್ರೆ, ಮಧ್ಯಮಾವತಿಗೆ ಮಂಗಳ ಎಂಬಂತೆ ಒಂದು ಸಮಾಜದ ಬಳಕೆಯಿಂದ ಬಂದುದು. ಮೂರನೆಯದು ಒಬ್ಬೊಬ್ಬನಿಗೇ ಸೇರಿದುದು. ಬೌಳಿಯನ್ನು ಕೇಳಿದಾಗಲೆಲ್ಲ ನನಗೆ ಪಾಠಶಾಲೆಯ ಬೆಳಗಿನ ಚಳಿಯೂ, ತಣ್ಣೀರ ಸ್ನಾನವಾದ ಮೇಲೆ ಅಮರಕೋಶವನ್ನು ಒಪ್ಪಿಸುತ್ತಿದ್ದ ದಿನಗಳೂ ಬಂದು ನಿಲ್ಲುತ್ತವೆ. ನೆರೆಮನೆಯ ಆಕಾಶವಾಣಿಯಿಂದ ಆ ರಾಗವು ಆಗಾಗ ಕೇಳಿಬರುತ್ತಿದ್ದುದೇ ಇದಕ್ಕೆ ಕಾರಣ. ಇದನ್ನು ಬೌಳಿಯ ಲಕ್ಷಣವೆಂದು ನಾನು ಯಾರಿಗೂ ಬೋಧಿಸಲಾರೆನು.

ರಾಗರಸಗಳ ಪಟ್ಟಿಯ ಪ್ರಾಮಾಣ್ಯವೆಷ್ಟೆಂಬುದು ಇದರಿಂದ ಗೊತ್ತಾಗುವುದು. ಅದು ಎರಡನೆಯ ಬಗೆಯ ಸಂಸ್ಕಾರದ ದಾಖಲೆ. ಒಂದು ಸಂಪ್ರದಾಯದ ಶ್ರೋತೃಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ಹೇಳುವುದೇ ಹೊರತು ಸರ್ವರಲ್ಲಿಯೂ ಆಗಲೇಬೇಕಾದುದನ್ನಲ್ಲ. ಸ್ವರವು ಓಷಧಿಯಂತೆ ತನ್ನ ದ್ರವ್ಯಗುಣದಿಂದಲೇ ಕೆಲಸಮಾಡುವುದೆಂದು ಭಾವಿಸಿ ವ್ಯಾಧಿಗೊಂದು ರಾಗವನ್ನು ವಿಧಿಸುವವರು ಈ ಭೇದವನ್ನು ಮರೆತಿರುವರು. ಸಂಗೀತದಿಂದ ರೋಗಿಗೆ ನೆಮ್ಮದಿಯಾಗುವುದಿಲ್ಲವೆಂದು ಇದರ ಅರ್ಥವಲ್ಲ. ಯಾವ ಗೀತದಿಂದ ನೆಮ್ಮದಿಯಾದೀತೆಂಬುದನ್ನು ಪಟ್ಟಿಯಿಂದಲ್ಲ, ಆ ರೋಗಿಯು ಬಾಳಿನುದ್ದಕ್ಕೂ ಕೇಳಿಬಂದುದರಿಂದ ತಿಳಿಯಬೇಕು.

ದುಃಖದಲ್ಲಿರುವವನು ದುಃಖದ ಹಾಡನ್ನೇ ಬಯಸುವುದೇಕೆಂಬ ಸಂಶಯಕ್ಕೂ ಇಲ್ಲಿಯೇ ಪರಿಹಾರವಿದೆ. ಕರುಣವು ಕೇವಲ ದುಃಖವಾಗಿದ್ದರೆ ಯಾರೂ ಅದರತ್ತ ಮುಖವಿಡುತ್ತಿರಲಿಲ್ಲವೆಂದೂ, ಅದು ಆನಂದವೆಂಬುದಕ್ಕೆ ಸಹೃದಯರ ಅನುಭವವೇ ಪ್ರಮಾಣವೆಂದೂ ವಿಶ್ವನಾಥನು ಹೇಳಿರುವನು. ಅಭಿನವಗುಪ್ತನ ಸಾಧಾರಣೀಕರಣತತ್ತ್ವವನ್ನು ಗೀತಕ್ಕೆ ಅನ್ವಯಿಸಿದರೆ, ಹಾಡು ನನ್ನ ದುಃಖವನ್ನು ‘ನನ್ನದು’ ಎಂಬ ಗಂಟಿನಿಂದ ಬಿಡಿಸಿ ಸರ್ವಸಾಮಾನ್ಯವಾದ ದುಃಖವನ್ನಾಗಿ ಮಾಡುವುದು. ಹೊರೆಯು ಅಷ್ಟೇ ಇದ್ದರೂ ಹೊರುವವನು ಒಂಟಿಯಾಗಿ ಉಳಿಯುವುದಿಲ್ಲ.

ಕೇಳುವ ರೂಢಿಯು ಬದಲಾದಂತೆ ಈ ಸಂಸ್ಕಾರಗಳ ಪ್ರಮಾಣವೂ ಬದಲಾಗುವುದು ಗಮನಾರ್ಹ. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಾರಿಕೆಯು ಧ್ವನಿಮುದ್ರಿತವಾಯಿತು; ಆ ಪ್ರಸಿದ್ಧ ಗಾಯಕಿಯು ಕಡೆಗಾಲದಲ್ಲಿ ಮೈಸೂರಿನ ಅರಮನೆಯ ಆಶ್ರಯವನ್ನು ಪಡೆದು ೧೯೩೦ರಲ್ಲಿ ಇಲ್ಲಿಯೇ ತೀರಿಕೊಂಡರು. ಧ್ವನಿಮುದ್ರಣವು ಬರುವ ಮೊದಲು ಹಾಡಿಗೆ ಹೊತ್ತು, ಸ್ಥಳ, ಜನ ಎಂಬ ಮೂರು ಕಟ್ಟುಗಳಿದ್ದುವು. ಮದುವೆಯ ನಾಗಸ್ವರವನ್ನು ಮದುವೆಯಲ್ಲಿಯೇ ಕೇಳಬೇಕಾಗಿತ್ತು. ಇಂದು ತರುಣನೊಬ್ಬನು ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಒಬ್ಬನೇ ನೀಲಾಂಬರಿಯನ್ನು ನಡುಹಗಲಿನಲ್ಲಿ ನೂರು ಸಲ ಕೇಳಬಲ್ಲನು. ಆತನಿಗೆ ಆ ರಾಗವು ತೊಟ್ಟಿಲನ್ನಲ್ಲ, ಆ ಪ್ರಯಾಣವನ್ನು ನೆನಪಿಗೆ ತರುವುದು. ಸಾಂಪ್ರದಾಯಿಕ ಸಂಸ್ಕಾರವು ಕುಗ್ಗಿ ವೈಯಕ್ತಿಕ ಸಂಸ್ಕಾರವು ಹಿಗ್ಗುತ್ತಿದೆ. ಆತನ ಅನುಭವವು ಕಡಮೆಯದೆನ್ನಲು ಆಧಾರವಿಲ್ಲ. ಆದರೆ ನಮ್ಮ ಪಟ್ಟಿಯು ಆತನಿಗೆ ಹೊಂದಲಾರದು.

ಆದುದರಿಂದ ಕಾವ್ಯವನ್ನು ರಾಗವಾಗಿ ಓದುವ ಉಪಾಧ್ಯಾಯರು ಎದುರಿನ ಬಾಲಕರಲ್ಲಿ ಯಾವ ಸಂಸ್ಕಾರವಿದೆಯೆಂಬುದನ್ನು ಮೊದಲು ನೋಡಬೇಕು. ಮುಖಾರಿಯನ್ನು ಎಂದೂ ಕೇಳದ ಮಕ್ಕಳ ಮುಂದೆ ಅಭಿಮನ್ಯುವಿನ ಮರಣವನ್ನು ಮುಖಾರಿಯಲ್ಲಿ ಓದಿದ ಮಾತ್ರಕ್ಕೆ ಕರುಣವು ಒದಗದು. ಅಲ್ಲಿ ಸರ್ವಸಾಧಾರಣವಾದ ಲಯವನ್ನೂ ಕಾಕುವನ್ನೂ ಮುಂದಿಟ್ಟು, ಪದ್ಯದ ಅರ್ಥವನ್ನು ಬೆಳಗಿಸಿ, ರಾಗವನ್ನು ಅದರ ಹಿಂದೆ ನಡೆಸುವುದು ಮೇಲು. ಭರತನ ವಿಧಿಯ ಹೃದಯವೂ ಇದೇ. ಹಾಗೆ ಹಲವು ಬಾರಿ ಕೇಳಿದ ಮಕ್ಕಳಿಗೆ ಆ ರಾಗವೂ ಆ ಪದ್ಯವೂ ಒಂದರೊಡನೊಂದು ಹೆಣೆದುಕೊಳ್ಳುವುವು. ಮುಂದೆಂದೋ ಪದ್ಯವು ಮರೆತುಹೋದ ಕಾಲದಲ್ಲಿಯೂ, ಆ ಸ್ವರಗಳು ಕಿವಿಗೆ ಬಿದ್ದಾಗ ಅವರ ಮನಸ್ಸು ಕಾರಣವರಿಯದೆ ಒಮ್ಮೆ ಆರ್ದ್ರವಾದೀತು. ಪಟ್ಟಿಯು ಕೊಡಲಾರದ ಈ ವಾಸನೆಯನ್ನು ಕೊಡುವ ಶಕ್ತಿ ಪಾಠಕ್ಕೆ ಉಂಟು.