ಡಿಪಿಎಫ್ ತೆಗೆಸುವ ಮುನ್ನ

ಬಿಎಸ್-6 ಡೀಸೆಲ್ ಗಾಡಿ ಕೊಂಡು ಊರ್ಡಿಗೆರೆಯಲ್ಲೋ ಗುಬ್ಬಿ ಸೀಮೆಯ ಹಳ್ಳಿಯಲ್ಲೋ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಸ್ಟೇರಿಂಗ್ ಹಿಂದಿನ ಮೀಟರಿನಲ್ಲಿ ಹಳದಿ ದೀಪವೊಂದು ಕಾಣಿಸುತ್ತದೆ. ಸೈಲೆನ್ಸರಿನ ಒಳಗೆ ಚುಕ್ಕೆ ಇಟ್ಟಂತಿರುವ ಚಿತ್ರ ಅದು. ಗ್ಯಾರೇಜಿಗೆ ಹೋದರೆ ಸಿಗುವ ಸಲಹೆ ಸಾಮಾನ್ಯವಾಗಿ ಇಷ್ಟೇ: "ಡಿಪಿಎಫ್ ತೆಗ್ಸಾಕ್ಬಿಡಣ್ಣ, ಲೈಟೂ ಬರಲ್ಲ, ಮೈಲೇಜೂ ಜಾಸ್ತಿ ಆಗುತ್ತೆ." ಸಾವಿರಾರು ರೂಪಾಯಿ ಕೊಟ್ಟು ತೆಗೆಸಿದವರೂ ಇದ್ದಾರೆ. ಮೈಲೇಜ್ ತುಸು ಹೆಚ್ಚಬಹುದು ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಆದರೆ ದೀಪ ಹತ್ತಿದ್ದು ಡಿಪಿಎಫ್, ಅಂದರೆ ಹೊಗೆಯ ಮಸಿ ಸೋಸುವ ಫಿಲ್ಟರು, ಕೆಟ್ಟದ್ದರಿಂದ ಎಂದು ತಿಳಿಯುವುದು ತಪ್ಪು. ಬಹಳಷ್ಟು ಸಲ ಅದು ಹತ್ತುವುದು ಗಾಡಿಯ ಓಡಾಟದ ರೀತಿಯಿಂದ.

2020ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಗಾಡಿಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂತು. ಬಿಎಸ್-4ರಿಂದ ಬಿಎಸ್-5 ಹಾರಿ ನೇರ ಆರಕ್ಕೆ ಹೋದೆವು. ಬಿಎಸ್-4ರಲ್ಲಿ ಡೀಸೆಲ್ ಕಾರೊಂದು ಕಿಲೋಮೀಟರಿಗೆ 250 ಮಿಲಿಗ್ರಾಂ ನೈಟ್ರೋಜನ್ ಆಕ್ಸೈಡ್ ಉಗುಳಬಹುದಿತ್ತು. ಈಗ ಮಿತಿ 80. ಮಸಿಯ ಕಣಗಳ ಮಿತಿ 25 ಮಿಲಿಗ್ರಾಂನಿಂದ 4.5ಕ್ಕೆ ಇಳಿಯಿತು. ಇಂಧನವೂ ಜೊತೆಗೇ ಬದಲಾಗಬೇಕಾಯಿತು, ಯಾಕೆಂದರೆ ಗಂಧಕ ಹೆಚ್ಚಿದ್ದರೆ ಸೈಲೆನ್ಸರಿನೊಳಗಿನ ವೇಗವರ್ಧಕ ಕೆಲಸ ನಿಲ್ಲಿಸುತ್ತದೆ. ಬಂಕಿನಲ್ಲಿ ಸಿಗುವ ಡೀಸೆಲ್‌ನ ಗಂಧಕ ಹತ್ತು ಲಕ್ಷ ಭಾಗದಲ್ಲಿ 50 ಇದ್ದದ್ದು 10ಕ್ಕೆ ಇಳಿದಿದೆ.

ಇಷ್ಟು ಕಡಿಮೆ ಮಸಿ ಬರಬೇಕೆಂದರೆ ಸೋಸದೆ ಗತಿಯಿಲ್ಲ. ಡಿಪಿಎಫ್ ಎಂದರೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ಕೊಳವೆಗಳಿರುವ ಪಿಂಗಾಣಿ ಜಾತಿಯ ದಿಂಡು. ಕೊಳವೆಗಳ ಬಾಯನ್ನು ಒಂದು ಬಿಟ್ಟು ಒಂದರಂತೆ ಮುಚ್ಚಿರುತ್ತಾರೆ. ಹೊಗೆ ಒಂದು ಕೊಳವೆಯಿಂದ ಪಕ್ಕದ ಕೊಳವೆಗೆ ಗೋಡೆಯ ರಂಧ್ರಗಳ ಮೂಲಕವೇ ನುಸುಳಬೇಕು. ಮಸಿ ಈಚೆಗೇ ಉಳಿಯುತ್ತದೆ. ಉಳಿದ ಮಸಿ ತುಂಬುತ್ತಾ ಬಂದಾಗ ಫಿಲ್ಟರಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ ಹೆಚ್ಚುತ್ತದೆ. ಅದನ್ನು ಸೆನ್ಸರ್ ಗಮನಿಸಿ ಎಂಜಿನ್ನಿನ ಕಂಪ್ಯೂಟರಿಗೆ ತಿಳಿಸುತ್ತದೆ. ಕಂಪ್ಯೂಟರು ಸ್ವಲ್ಪ ಹೆಚ್ಚುವರಿ ಡೀಸೆಲ್ ಸಿಂಪಡಿಸಿ ಹೊಗೆಯ ಬಿಸಿಯನ್ನು ಸುಮಾರು 600 ಡಿಗ್ರಿಗೆ ಏರಿಸುತ್ತದೆ. ಆ ಬಿಸಿಗೆ ಮಸಿ ಉರಿದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತಾರೆ, ಹತ್ತು ಇಪ್ಪತ್ತು ನಿಮಿಷದ ಕೆಲಸ.

ಆ ಹತ್ತು ಇಪ್ಪತ್ತು ನಿಮಿಷ ಗಾಡಿ ಒಂದೇ ಸಮ ಓಡುತ್ತಿರಬೇಕು. ದೇವರಾಯನದುರ್ಗದ ಬುಡದ ಊರುಗಳಲ್ಲಿ ಗಾಡಿಯ ದಿನಚರಿ ಹಾಗಿಲ್ಲ. ಮನೆಯಿಂದ ತೋಟಕ್ಕೆ, ತೋಟದಿಂದ ಡೇರಿಗೆ, ಮಕ್ಕಳನ್ನು ಶಾಲೆಗೆ ಬಿಟ್ಟು ವಾಪಸು. ಎಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಕೀ ತೆಗೆದಾಗಿರುತ್ತದೆ. ಮಸಿ ಸುಡಲು ಶುರುವಾದದ್ದು ಅರ್ಧಕ್ಕೇ ನಿಲ್ಲುತ್ತದೆ. ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಸ್ವಲ್ಪ ಸ್ವಲ್ಪವೇ ಎಂಜಿನ್ ಆಯಿಲ್‌ಗೆ ಇಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಕಂಡರೆ ಸಂತೋಷಪಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ಸವೆಸುತ್ತದೆ, ಬೇಗ ಬದಲಿಸಬೇಕು. ಹಾಕಿಸುವಾಗಲೂ ಗಾಡಿಯ ಪುಸ್ತಕದಲ್ಲಿ ಹೇಳಿರುವ, ಬೂದಿ ಕಡಿಮೆ ಬಿಡುವ ಆಯಿಲ್ಲನ್ನೇ ಕೇಳಿ. ಮಸಿ ಸುಟ್ಟು ಹೋಗುತ್ತದೆ, ಆಯಿಲ್ಲಿನ ಬೂದಿ ಮಾತ್ರ ಫಿಲ್ಟರಿನಲ್ಲೇ ಶಾಶ್ವತವಾಗಿ ಕೂರುತ್ತದೆ.

ದೀಪ ಹತ್ತಿದಾಗ ಮಾಡಬೇಕಾದ್ದು ಸುಲಭ. ಕ್ಯಾತ್ಸಂದ್ರದ ಹತ್ತಿರ ಹೆದ್ದಾರಿಗೆ ಹತ್ತಿ ದಾಬಸ್‌ಪೇಟೆವರೆಗೆ ಗಂಟೆಗೆ 60 ಕಿಲೋಮೀಟರಿಗಿಂತ ಮೇಲೆ, ನಿಲ್ಲಿಸದೆ, ಒಂದು ಗೇರ್ ಕೆಳಗಿಟ್ಟು ಓಡಿಸಿ. ಕುಣಿಗಲ್ ಕಡೆಯವರಿಗೆ ಮಂಗಳೂರು ಹೆದ್ದಾರಿಯೇ ಇದೆ. ಆ ಹೊತ್ತಿನಲ್ಲಿ ಮೈಲೇಜ್ ತೋರಿಸುವ ಅಂಕಿ ಇಳಿಯುತ್ತದೆ, ಬಿಸಿ ವಾಸನೆ ಬರುತ್ತದೆ, ಗಾಡಿ ನಿಲ್ಲಿಸಿದರೂ ಫ್ಯಾನ್ ತಿರುಗುತ್ತಿರುತ್ತದೆ. ಇದು ಮಸಿ ಸುಡುತ್ತಿರುವುದರ ಲಕ್ಷಣ, ಗಾಬರಿ ಬೇಡ. ಹತ್ತಿದ ದೀಪವನ್ನು ವಾರಗಟ್ಟಲೆ ಹಾಗೇ ಬಿಟ್ಟರೆ ಮಾತ್ರ ಎಂಜಿನ್ ಶಕ್ತಿ ಕುಗ್ಗಿ, ಸರ್ವಿಸ್ ಸೆಂಟರಿನಲ್ಲಿ ಯಂತ್ರ ಜೋಡಿಸಿ ಸುಡಿಸಬೇಕಾಗುತ್ತದೆ. ಅದಕ್ಕೂ ಜಗ್ಗದಿದ್ದರೆ ಹೊಸ ಫಿಲ್ಟರೇ ಗತಿ, ಅದರ ಬೆಲೆ ಸಣ್ಣದಲ್ಲ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಸುಗ್ಗಿ ಕಾಲದಲ್ಲಿ ನಮ್ಮ ಕಡೆ ರಾಗಿ, ಹುರುಳಿ ಒಕ್ಕಲು ರಸ್ತೆಯ ಮೇಲೆ ಹರಡುತ್ತಾರೆ. ಹುರುಳಿ ಬಳ್ಳಿ ಚಕ್ರಕ್ಕೂ ಸೈಲೆನ್ಸರಿಗೂ ಸುತ್ತಿಕೊಂಡರೆ ಬಿಡುವುದಿಲ್ಲ. ಯಾವ ಗಾಡಿಗಾದರೂ ಇದು ಬೆಂಕಿಯ ಅಪಾಯ; ಮಸಿ ಸುಡುತ್ತಿರುವ ಗಾಡಿಗೆ ಇನ್ನೂ ಹೆಚ್ಚು. ಹಾಯ್ದು ಬಂದ ಮೇಲೆ ಇಳಿದು ಅಡಿ ನೋಡಿ, ಸಿಕ್ಕಿದ ಹುಲ್ಲು ಕಿತ್ತುಹಾಕಿ. ಬೇಸಿಗೆಯಲ್ಲಿ ದುರ್ಗದ ಕಾಡಿನಂಚಿನ ಒಣಹುಲ್ಲಿನ ಮೇಲೆ ಗಾಡಿ ನಿಲ್ಲಿಸಲೇಬೇಡಿ.

ಇನ್ನು ಮೈಲೇಜಿನ ವಾದ. ಹೊಗೆ ಸ್ವಚ್ಛ ಮಾಡುವ ಸಾಮಾನು ಇಂಧನ ತಿನ್ನುತ್ತದೆ ಎನ್ನುವವರ ಬಳಿ ಕಾರಣವಿದೆ. ಫಿಲ್ಟರು ಹೊಗೆಗೆ ಅಡ್ಡ ನಿಲ್ಲುತ್ತದೆ, ಮಸಿ ಸುಡಲು ಡೀಸೆಲ್ ಬೇಕು. ಹೊಗೆಯ ಒಂದಿಷ್ಟನ್ನು ಮತ್ತೆ ಎಂಜಿನ್ನಿಗೇ ಕಳಿಸುವ ಇಜಿಆರ್ ಉರಿಯ ಬಿಸಿ ತಗ್ಗಿಸುತ್ತದೆ. ಬಿಸಿ ತಗ್ಗಿದರೆ ನೈಟ್ರೋಜನ್ ಆಕ್ಸೈಡ್ ಕಡಿಮೆ, ಆದರೆ ಎಂಜಿನ್ನಿನ ದಕ್ಷತೆಯೂ ತುಸು ಕಡಿಮೆ. ಆದರೆ ಬಿಎಸ್-6 ಲಾರಿ, ಬಸ್ಸುಗಳಲ್ಲಿರುವ ಎಸ್‌ಸಿಆರ್ ಈ ಲೆಕ್ಕವನ್ನೇ ತಿರುಗಿಸಿತು. ಎಂಜಿನ್ನನ್ನು ಬಿಸಿಯಾಗಿ, ದಕ್ಷವಾಗಿ ಉರಿಯಲು ಬಿಟ್ಟು, ಹುಟ್ಟಿದ ನೈಟ್ರೋಜನ್ ಆಕ್ಸೈಡನ್ನು ಸೈಲೆನ್ಸರಿನ ದಾರಿಯಲ್ಲಿ ಯೂರಿಯಾ ದ್ರಾವಣ ಸಿಂಪಡಿಸಿ ಬರಿಯ ನೈಟ್ರೋಜನ್ ಮತ್ತು ನೀರಾಗಿ ಒಡೆಯುತ್ತಾರೆ. ಸ್ವಚ್ಛತೆಗಾಗಿ ಬಂದ ಉಪಕರಣವೇ ಡೀಸೆಲ್ ಉಳಿಸಲು ದಾರಿ ಮಾಡಿಕೊಟ್ಟಿತು. ಸ್ವಚ್ಛ ಹೊಗೆಯೂ ಮೈಲೇಜೂ ಸದಾ ಜಗಳವಾಡುತ್ತವೆ ಎಂಬ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ.

ಆ ಯೂರಿಯಾ ಹೊಲದ್ದಲ್ಲ. ಟ್ಯಾಂಕಿಗೆ ಬೇಕಾದ್ದು ಶುದ್ಧ ಯೂರಿಯಾ 32.5 ಭಾಗ, ಉಳಿದದ್ದು ಲವಣ ತೆಗೆದ ನೀರು. ಸೊಸೈಟಿಯಲ್ಲಿ ಸಿಗುವ ಮೂಟೆಯ ಯೂರಿಯಾಕ್ಕೆ 2015ರಿಂದ ಕಡ್ಡಾಯವಾಗಿ ಬೇವಿನ ಎಣ್ಣೆ ಲೇಪಿಸುತ್ತಾರೆ. ಅದನ್ನು ಬೋರ್‌ವೆಲ್ ನೀರಿಗೆ ಕರಗಿಸಿ ಸುರಿದರೆ ಎಣ್ಣೆಯೂ ಸುಣ್ಣವೂ ಸೇರಿ ಸಿಂಪಡಿಸುವ ನಳಿಕೆ ಕಟ್ಟಿಕೊಳ್ಳುತ್ತದೆ. ರೈತನ ಪಾಲಿನ ಗೊಬ್ಬರವೂ ಹಾಳು, ಲಾರಿಯೂ ಹಾಳು.

ಡೀಸೆಲ್ ಉಳಿಸುವ ಚಿಂತನೆ ನಮ್ಮ ತುಮಕೂರು ಜಿಲ್ಲೆಗೆ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯಿಂದ ಅನಿಲ ಮಾಡಿ ಡೀಸೆಲ್ ಎಂಜಿನ್ನಿಗೆ ಕೊಟ್ಟು ಊರಿಗೆ ದೀಪ ಹತ್ತಿಸಿದರು. ಅಲ್ಲಿಯೂ ಅನಿಲದ ಟಾರು, ದೂಳು ತೆಗೆದ ಮೇಲಷ್ಟೇ ಎಂಜಿನ್ನಿಗೆ ಬಿಡಬೇಕಿತ್ತು. ಸೋಸುವುದನ್ನು ಬಿಟ್ಟು ಉಳಿತಾಯವಿರಲಿಲ್ಲ.

ಪೆಟ್ರೋಲ್ ಗಾಡಿಯವರಿಗೆ ಇಷ್ಟೆಲ್ಲ ತಾಪತ್ರಯವಿಲ್ಲ. ಬಿಎಸ್-6 ಬಂದ ಮೇಲೆ ಸಣ್ಣ ಬೈಕುಗಳಲ್ಲೂ ಕಾರ್ಬುರೇಟರ್ ಹೋಗಿ ಇಂಜೆಕ್ಷನ್ ಬಂತು, ಬೆಳಗಿನ ಚಳಿಯಲ್ಲಿ ಚೋಕ್ ಎಳೆಯುವುದು ತಪ್ಪಿತು. ಸ್ಪ್ಲೆಂಡರಿನ ಐತ್ರೀಎಸ್‌ನಂತೆ ನಿಂತಾಗ ಎಂಜಿನ್ ತಾನೇ ಆಫ್ ಆಗುವ ಸೌಲಭ್ಯ ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಪೆಟ್ರೋಲ್ ಉಳಿಸುತ್ತದೆ. ಸಿಗ್ನಲ್ಲೇ ಇಲ್ಲದ ಹಳ್ಳಿ ರಸ್ತೆಯಲ್ಲಿ ಅದಕ್ಕೆ ಕೆಲಸವಿಲ್ಲ. ಬಿಡದಿಯಲ್ಲಿ ತಯಾರಾಗುವ ಹೈಬ್ರಿಡ್ ಕಾರುಗಳ ದೊಡ್ಡ ಲಾಭವೂ ನಿಂತು ನಿಂತು ಹೋಗುವ ನಗರದಲ್ಲೇ, ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಗೆ ತುಂಬಿಕೊಳ್ಳುವುದರಿಂದ. ಇನ್ನು ಎಥನಾಲ್ ಬೆರೆತ ಇ20: ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಶಕ್ತಿ ಕಡಿಮೆ. ಹಾಗಾಗಿ ಹಳೆಯ ಗಾಡಿಯ ಮೈಲೇಜ್ ಸ್ವಲ್ಪ ಇಳಿದಿದೆ ಎಂದರೆ ಅದು ಭ್ರಮೆಯಲ್ಲ. ಇ20ಗೆಂದೇ ಹೊಂದಿಸಿದ ಎಂಜಿನ್ನಿನಲ್ಲಿ ಈ ನಷ್ಟ ಕಡಿಮೆ.

ಮತ್ತೆ ಡಿಪಿಎಫ್‌ಗೆ ಬರುತ್ತೇನೆ. ತೆಗೆಸಿದ ಗಾಡಿ ಹೊಗೆ ತಪಾಸಣೆಯಲ್ಲಿ ಪಾಸಾಗಿಬಿಡಬಹುದು. ಡೀಸೆಲ್ ಗಾಡಿಯ ತಪಾಸಣೆಯಲ್ಲಿ ನೋಡುವುದು ಹೊಗೆ ಎಷ್ಟು ದಟ್ಟ ಎಂಬುದನ್ನು ಮಾತ್ರ. ಕಣ್ಣಿಗೆ ಕಾಣದ ಸಣ್ಣ ಕಣಗಳನ್ನು, ನೈಟ್ರೋಜನ್ ಆಕ್ಸೈಡನ್ನು ಅಳೆಯುವುದಿಲ್ಲ. ಶ್ವಾಸಕೋಶದ ತಳದವರೆಗೆ ಇಳಿಯುವುದು ಆ ಸಣ್ಣ ಕಣಗಳೇ. ಬಸ್ ಸ್ಟ್ಯಾಂಡಿನಲ್ಲಿ ಬ್ಯಾಗ್ ಹೊತ್ತು ನಿಂತ ಮಕ್ಕಳ ಮುಖದ ಎತ್ತರಕ್ಕೂ ಸೈಲೆನ್ಸರಿನ ಹೊಗೆಗೂ ಹೆಚ್ಚು ದೂರವಿಲ್ಲ. ಎರಡು ಕಿಲೋಮೀಟರ್ ಹೆಚ್ಚಿನ ಮೈಲೇಜಿಗೆ ಅವರ ಉಸಿರನ್ನು ಕೆಡಿಸುವ ಹಕ್ಕು ನಮಗಿಲ್ಲ. ಮಾಲಿನ್ಯದ ಮಿತಿ ಮೀರಿದ ಗಾಡಿ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಕೂಡ ಇದೆ.

ಇನ್ನೂ ಗಾಡಿ ಕೊಳ್ಳದವರು ತಮ್ಮ ಓಡಾಟ ಲೆಕ್ಕ ಹಾಕಲಿ. ವಾರಕ್ಕೊಮ್ಮೆಯಾದರೂ ಹೆದ್ದಾರಿಯಲ್ಲಿ ದೂರ ಹೋಗುವವರಿಗೆ ಡೀಸೆಲ್ ಸರಿ. ತೋಟ, ಡೇರಿ, ಶಾಲೆಗಷ್ಟೇ ಆದರೆ ಪೆಟ್ರೋಲ್ ಕಾರು ಕಡಿಮೆ ತಲೆನೋವಿನದು. ಬಿಎಸ್-6 ಡೀಸೆಲ್ಲನ್ನು ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಎಂಜಿನ್ ತಣ್ಣಗಿದ್ದಾಗ ಸೈಲೆನ್ಸರಿನ ಬಾಯೊಳಗೆ ಬೆರಳಾಡಿಸಿ ನೋಡಬೇಕು. ಫಿಲ್ಟರು ಸರಿಯಿದ್ದರೆ ಬೆರಳು ಹೆಚ್ಚೂಕಡಿಮೆ ಚೊಕ್ಕಟವಾಗೇ ಬರುತ್ತದೆ. ಕಾಡಿಗೆಯಂತೆ ಮಸಿ ಅಂಟಿದರೆ ಫಿಲ್ಟರು ಒಡೆದಿದೆ, ಇಲ್ಲವೇ ಯಾರೋ ತೆಗೆಸಿದ್ದಾರೆ. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ, ಹೊಸ ಫಿಲ್ಟರಿನ ಬೆಲೆ ಕೇಳಿ, ಅಷ್ಟನ್ನು ಗಾಡಿಯ ಬೆಲೆಯಲ್ಲಿ ಮುರಿದುಕೊಂಡೇ ಮಾತಾಡಿ.