ಪೇಟೆಯಿಂದ ನಿಲ್ದಾಣದವರೆಗೆ: ಬೆಂಗಳೂರಿನ ನಗರಯೋಜನೆಯಲ್ಲಿ ಮಿಶ್ರ ಬಳಕೆ

ನಗರಯೋಜನೆಯ ಚರ್ಚೆಗಳಲ್ಲಿ ‘ಮಿಶ್ರ ಬಳಕೆ’ ಮತ್ತು ‘ಸಾರಿಗೆ ಆಧಾರಿತ ಅಭಿವೃದ್ಧಿ’ ಎಂಬ ಪರಿಕಲ್ಪನೆಗಳು ಬಹುಮಟ್ಟಿಗೆ ಜೊತೆಯಾಗಿಯೇ ಪ್ರಸ್ತಾಪಗೊಳ್ಳುತ್ತವೆ. ಎರಡನೆಯದನ್ನು ಅಮೆರಿಕದ ವಾಸ್ತುಶಿಲ್ಪಿ ಪೀಟರ್ ಕ್ಯಾಲ್ತಾರ್ಪ್ 1993ರಲ್ಲಿ ಪ್ರಕಟವಾದ ತಮ್ಮ ಗ್ರಂಥದ ಮೂಲಕ ಪ್ರಚಾರಕ್ಕೆ ತಂದರು. ಹೆಸರು ಹೊಸದು, ಅದು ಸೂಚಿಸುವ ಬದುಕಿನ ಕ್ರಮ ನಮಗೆ ಹೊಸದಲ್ಲ.

ಹದಿನಾರನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿದ ಬೆಂಗಳೂರು ಪೇಟೆಯನ್ನು ನೋಡಬೇಕು. ಅರಳೇಪೇಟೆ, ಅಕ್ಕಿಪೇಟೆ, ಕುಂಬಾರಪೇಟೆ, ತರಗುಪೇಟೆ ಎಂಬ ಹೆಸರುಗಳೇ ಅಲ್ಲಿನ ಕಸುಬು ವ್ಯಾಪಾರಗಳನ್ನು ಸಾರುತ್ತವೆ. ಬೀದಿಗೆ ಅಂಗಡಿ, ಅದರ ಹಿಂದೆ ಉಗ್ರಾಣ, ಮೇಲುಪ್ಪರಿಗೆಯಲ್ಲಿ ಸಂಸಾರ: ಇಂಥ ಕಟ್ಟಡದಲ್ಲಿ ದುಡಿಮೆಗೂ ಮನೆಗೂ ನಡುವಣ ಅಂತರ ಒಂದು ಏಣಿಮೆಟ್ಟಿಲಿನದು. ಇದನ್ನು ಆದರ್ಶೀಕರಿಸುವುದು ಸಲ್ಲದು. 1898ರ ಪ್ಲೇಗು ಈ ಇಕ್ಕಟ್ಟಿನ ಬೀದಿಗಳಲ್ಲಿಯೇ ಉಗ್ರವಾಗಿ ಹಬ್ಬಿತು; ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ರೂಪುಗೊಂಡದ್ದಕ್ಕೆ ಆ ಭೀತಿಯೂ ಕಾರಣ. ಆದರೆ ಗಾಳಿ ಬೆಳಕನ್ನು ಅರಸಿ ಹೊರಟ ಆ ಬಡಾವಣೆಗಳೂ ದೇವಾಲಯ, ಶಾಲೆ, ಸಂತೆಗಳನ್ನು ನಡಿಗೆಯ ದೂರದಲ್ಲಿಯೇ ಉಳಿಸಿಕೊಂಡವೆಂಬುದು ಗಮನಾರ್ಹ.

ಬಳಕೆಗಳನ್ನು ಬೇರ್ಪಡಿಸುವ ವಿಧಾನ ಕಾರ್ಖಾನೆಯ ಹೊಗೆಗೆ ಪಾಶ್ಚಾತ್ಯ ನಗರಗಳು ಕಂಡುಕೊಂಡ ಪರಿಹಾರ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961ರ ಅಡಿಯಲ್ಲಿ ಸಿದ್ಧಗೊಂಡ ನಕ್ಷೆಗಳಲ್ಲಿ ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ ಎಂಬಂತೆ ಬಣ್ಣಗಳು ಕಾಣಿಸಿಕೊಂಡವು. ಬಣ್ಣಗಳ ನಡುವೆ ಜನ ಹೇಗೆ ಓಡಾಡಬೇಕೆಂಬ ಪ್ರಶ್ನೆ ಮಾತ್ರ ಹಿನ್ನೆಲೆಗೆ ಸರಿಯಿತು.

ರೈಲು ಸಾರಿಗೆಗೆ ಈ ಪ್ರಶ್ನೆಯೇ ಜೀವಾಳ. ಮಾರ್ಗದ ಒಂದು ತುದಿಯಲ್ಲಿ ಮನೆಗಳು ಮಾತ್ರ, ಇನ್ನೊಂದು ತುದಿಯಲ್ಲಿ ಕಚೇರಿಗಳು ಮಾತ್ರ ಇವೆಯೆಂದು ಭಾವಿಸೋಣ. ಬೆಳಗ್ಗೆ ಕಿಕ್ಕಿರಿದು ಹೋದ ಗಾಡಿ ಬಹುಪಾಲು ಬರಿದಾಗಿ ಹಿಂದಿರುಗುತ್ತದೆ. ಸಂಜೆ ಇದೇ ತಿರುವುಮುರುವು. ಮಧ್ಯಾಹ್ನ ಎರಡೂ ಕಡೆ ಖಾಲಿ. ವೆಚ್ಚವೆಲ್ಲ ಒಂದೇ ದಿಕ್ಕಿನ ಗುಂಪಿಗಾಗಿ. ಪ್ರತಿ ನಿಲ್ದಾಣದ ಸುತ್ತಲೂ ಮನೆ, ಕಚೇರಿ, ಶಾಲೆ, ಅಂಗಡಿ ಬೆರೆತಿದ್ದರೆ ಗಾಡಿ ಎರಡೂ ದಿಕ್ಕಿನಲ್ಲಿ, ದಿನವಿಡೀ ತುಂಬುತ್ತದೆ. ಮಿಶ್ರ ಬಳಕೆಗೂ ಸಾರಿಗೆಗೂ ಇರುವ ನಂಟು ಇದೇ. 2023ರ ಅಕ್ಟೋಬರ್‌ನಲ್ಲಿ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ನೇರಳೆ ಮಾರ್ಗದಲ್ಲಿ, ಉದ್ಯೋಗಗಳು ಪೂರ್ವದಲ್ಲಿ ದಟ್ಟೈಸಿರುವುದರಿಂದ, ಈ ಲೆಕ್ಕ ಕೇವಲ ಸೈದ್ಧಾಂತಿಕವಲ್ಲ.

ಸರ್ಕಾರದ ಕೈಯಲ್ಲಿರುವ ಮುಖ್ಯ ಉಪಕರಣ ನೆಲಹರವಿನ ಅನುಪಾತ, ಅಂದರೆ ನಿವೇಶನದ ವಿಸ್ತೀರ್ಣಕ್ಕೂ ಕಟ್ಟಬಹುದಾದ ಒಟ್ಟು ಮಹಡಿಗಳ ವಿಸ್ತೀರ್ಣಕ್ಕೂ ಇರುವ ಪ್ರಮಾಣ. 2007ರಲ್ಲಿ ಅನುಮೋದನೆ ಪಡೆದ ಪರಿಷ್ಕೃತ ಮಹಾಯೋಜನೆಯು ಮೆಟ್ರೋ ನಿಲ್ದಾಣದ 150 ಮೀಟರ್ ಫಾಸಲೆಯಲ್ಲಿ ಇದನ್ನು 4ರವರೆಗೆ ಏರಿಸಲು ಅವಕಾಶವಿತ್ತಿತು. 200 ಚದರ ಮೀಟರ್ ನಿವೇಶನದಲ್ಲಿ 800 ಚದರ ಮೀಟರ್ ಕಟ್ಟಡ ಏಳಬಹುದು. 2022ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿಗೆಂದೇ ಸಾರಿಗೆ ಆಧಾರಿತ ಅಭಿವೃದ್ಧಿ ನೀತಿಯನ್ನೂ ಅಂಗೀಕರಿಸಿತು.

ಕಟ್ಟಲು ಅನುಮತಿ ಕೊಟ್ಟ ಮಾತ್ರಕ್ಕೆ ಉದ್ದೇಶ ಕೈಗೂಡದು. ಅನುಪಾತ ಏರಿದೊಡನೆ ನೆಲದ ಬೆಲೆ ಏರುತ್ತದೆ. ಆ ಲಾಭ ಸಾರ್ವಜನಿಕ ಹಣದಿಂದ ಹುಟ್ಟಿದ್ದರೂ ನಿವೇಶನದ ಒಡೆಯನಿಗೆ ಸಲ್ಲುತ್ತದೆ. ಹಾಂಗ್‌ಕಾಂಗ್‌ನಲ್ಲಿ ರೈಲು ನಿಗಮವೇ ನಿಲ್ದಾಣಗಳ ಮೇಲಿನ ನೆಲವನ್ನು ಅಭಿವೃದ್ಧಿಪಡಿಸಿ ಈ ಲಾಭವನ್ನು ಮಾರ್ಗನಿರ್ಮಾಣಕ್ಕೆ ಬಳಸಿಕೊಂಡಿತು. ಹಾಗೆ ಹಿಂಪಡೆದ ಹಣದ ಒಂದು ಪಾಲು ಬಾಡಿಗೆ ವಸತಿಗೆ ಮೀಸಲಾಗದಿದ್ದರೆ, ನಿಲ್ದಾಣದ ಬಳಿ ನೆಲೆಸುವವರು ಕಾರು ಉಳ್ಳವರೇ ಆಗುತ್ತಾರೆ. ಕಟ್ಟಡಕ್ಕೆ ಕನಿಷ್ಠ ಇಷ್ಟು ವಾಹನ ನಿಲುಗಡೆ ಕಡ್ಡಾಯವೆನ್ನುವ ಬಗೆಯ ನಿಯಮಗಳೂ ಅವರ ಪರವಾಗಿಯೇ ನಿಲ್ಲುತ್ತವೆ. ನಿಲ್ದಾಣದ ಬಾಗಿಲಲ್ಲಿ ಕಾರಿಗೆ ನೆಲಮಾಳಿಗೆ ಕಟ್ಟೆಂದು ವಿಧಿಸುವುದು ವಿಪರ್ಯಾಸವಲ್ಲದೆ ಮತ್ತೇನು? ಕಾಲುದಾರಿಯ ಮಾತನ್ನಂತೂ ಆಡದಿರುವುದೇ ಲೇಸು.

2017ರ ಜೂನ್‌ನಲ್ಲಿ ಹಸಿರು ಮಾರ್ಗ ಚಿಕ್ಕಪೇಟೆಯ ಅಡಿಯಲ್ಲಿ ಹಾದು ಹಳೆಯ ಪೇಟೆಗೆ ನಿಲ್ದಾಣವನ್ನು ತಂದಿತು. ಯೋಜಕರು ಬಯಸುವ ಮಿಶ್ರಣ ಅಲ್ಲಿ ಮೊದಲೇ ಇದೆ. ಮಹಡಿಯ ಮನೆಗಳು ಒಂದೊಂದಾಗಿ ಗೋದಾಮುಗಳಾದರೆ, ಹಗಲು ಗಿಜಿಗುಡುವ ಆ ನಿಲ್ದಾಣದಿಂದ ರಾತ್ರಿ ಮನೆಗೆ ನಡೆದುಹೋಗುವವರು ಇರಲಾರರು.